ನಾಲ್ಕನೇ ಬಳೆಯ ಹುಲ್ಲು

ಸೂರ್ಯ ಇನ್ನೂ ನೆಲಕ್ಕೆ ಅಂಟಿಕೊಂಡಿದ್ದಾನೆ. ಜೌಗಿನ ಮೇಲೆ ಹಾಸಿದ ಒದ್ದೆ ಹಲಗೆಯ ಮೇಲೆ ಓಕಲೀನಾ ಎಪ್ಚುಕ್ ಮಂಡಿಯೂರಿ ಕೂತಿದ್ದಾರೆ. ಮಂಡಿಯ ಕೆಳಗೆ ಮಡಚಿಟ್ಟ ಹಳೇ ಸೀಲ್ ಪ್ರಾಣಿಯ ಚರ್ಮ. ಎದುರಿಗೆ ನೆಲದಲ್ಲಿ ಹೂತ ಲೋಹದ ಬಳೆ, ಹಿಟ್ಟು ನಾದುವ ಪರಾತದಷ್ಟು ಅಗಲ. ಬಳೆಯೊಳಗೆ ಮೊಣಕಾಲೆತ್ತರದ ಜೌಗುಹುಲ್ಲು, ನಡುನಡುವೆ ಹತ್ತಿಹುಲ್ಲು. ಆಗಸ್ಟ್ ಮುಗಿಯುತ್ತ ಬಂದಿದೆ, ಎಲೆಯ ತುದಿಗಳು ಕೆಂಪಾಗತೊಡಗಿವೆ. ಓಕಲೀನಾ ಒಂದು ಕೈಯಲ್ಲಿ ಹುಲ್ಲನ್ನು ಒಟ್ಟುಗೂಡಿಸಿ, ಇನ್ನೊಂದರಲ್ಲಿ ಗಾಜಿನಂಥ ಡಬ್ಬಿಯನ್ನು ಅದರ ಮೇಲೆ ಕವುಚುತ್ತಾರೆ. ಮಲಗಿದ ಮಗುವಿಗೆ ಹೊದಿಕೆ ಎಳೆಯುವಾಗಿನ ಎಚ್ಚರ ಆ ಕೈಗಳಲ್ಲಿದೆ. ಡಬ್ಬಿಯಿಂದ ಒಂದು ಕೊಳವೆ ಹೊರಟು ಪಕ್ಕದ ಹಳದಿ ಯಂತ್ರಕ್ಕೆ ಸೇರುತ್ತದೆ. ಅವರು ಬಾಯಿಗೆ ಬಟ್ಟೆ ಸುತ್ತಿ, ಮುಖವನ್ನು ಗಾಳಿ ಹೋಗುವ ಕಡೆಗೆ ತಿರುಗಿಸಿ, ಕಲ್ಲಾಗಿ ಕೂರುತ್ತಾರೆ.

ಹತ್ತು ನಿಮಿಷ. ಸೊಳ್ಳೆಗಳು ಮಣಿಕಟ್ಟಿನ ಮೇಲೆ ಸಾಲಾಗಿ ಕೂತರೂ ಅವರು ಕೈ ಎತ್ತುವುದಿಲ್ಲ. "ಅಲುಗಾಡಿದ್ರೆ ಕೆಳಗಿನ ಗುಳ್ಳೆ ಮೇಲೆ ಬಂದ್ಬಿಡುತ್ತೆ," ಎನ್ನುತ್ತಾರೆ ಆಮೇಲೆ. "ಆಗ ಅಳೆದದ್ದು ನೆಲವನ್ನಲ್ಲ, ನನ್ನ ಮಂಡಿಯ ಭಾರಾನ."

ಅವರು ಬಾಯಿ ತೆರೆಯುವಂತಿಲ್ಲ ಎಂದು ಗೊತ್ತಿದ್ದೇ, ಸೋದರತ್ತೆಯ ಮಗ ಮಾಕ್ಸಿಮ್ ಕಾಲುವೆಯಲ್ಲಿ ದೋಣಿ ನಿಲ್ಲಿಸಿಕೊಂಡು ಇದೇ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ದಿನಾ ಓಕಲೀನಾರನ್ನು ಇಲ್ಲಿಗೆ ತಂದು ಬಿಡುವುದೂ ಅವರೇ.

"ಏನೇ ಮಾವನ ಮಗಳೇ, ನೆಲದ ಹೊಟ್ಟೆ ಹೇಗಿದೆ ಇವತ್ತು? ಉಬ್ಬರ ಕಡಿಮೆ ಆಯ್ತಾ? ಮಾತಾಡಲ್ವಾ? ಸರಿ ಬಿಡು, ನಿನ್ನ ಮದುವೆಯಾದೋನು ಪುಣ್ಯವಂತ, ಹತ್ತು ನಿಮಿಷ ಸುಮ್ಮನಿರೋ ಹೆಂಡತಿ ಯಾರಿಗೆ ಸಿಗ್ತಾಳೆ."

ಯಂತ್ರ ಸದ್ದು ಮಾಡುತ್ತದೆ. ಓಕಲೀನಾ ಬಟ್ಟೆ ಬಿಚ್ಚಿ, ತಿರುಗಿ ನೋಡದೆ ಹೇಳುತ್ತಾರೆ: "ನಿನ್ನ ಬಾಯಿ ಮೇಲೆ ಈ ಡಬ್ಬಿ ಇಟ್ರೆ ಯಂತ್ರ ಒಡೆದೇ ಹೋಗುತ್ತೆ ಕಣೋ."

ಅತ್ತೆಮಾವಂದಿರ ಮಕ್ಕಳು ಹೀಗೆ ಕಾಲೆಳೆಯದಿದ್ದರೆ ಊರು ಇವರಿಬ್ಬರಿಗೂ ಮುನಿಸು ಎಂದುಕೊಳ್ಳುತ್ತದೆ. ಆದರೆ ಇವತ್ತು ಓಕಲೀನಾರ ದನಿಯಲ್ಲಿ ನಗು ಇಲ್ಲ. ಯಂತ್ರದ ಪರದೆಯ ಮೇಲೆ, ನೆಲದಿಂದ ಎದ್ದ ಅನಿಲದ ಲೆಕ್ಕವಾಗಿ, ಎಪ್ಪತ್ತೆಂಟು ಎಂಬ ಅಂಕಿ ನಿಂತಿದೆ. ಅವರು ಅದನ್ನು ಎರಡು ಸಲ ಓದಿ, ಪೆನ್ಸಿಲ್ಲಿನಿಂದ ಬರೆದುಕೊಳ್ಳುತ್ತಾರೆ. ಇದು ನಾಲ್ಕನೇ ಬಳೆಗೆ ಕೊಟ್ಟ ಗಡುವಿನೊಳಗಿನ ಕೊನೆಯ ಅಳತೆ. ಅಂಕಿ ಹಳೆಯ ಮಟ್ಟಕ್ಕೆ ಮರಳಿದೆ ಎಂದು, ಈ ಅಳತೆ ಮಾಡಿಸುವ ಪ್ರಯೋಗಾಲಯದವರು ಒಪ್ಪಿದರೆ ಬಳೆ ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಕಿತ್ತು ದೋಣಿಗೆ ಹಾಕಬೇಕು, ಒಂಬತ್ತು ವರ್ಷದ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ.

ಅಲಾಸ್ಕಾದ ಕುಸ್ಕೊಕ್ವಿಮ್ ನದಿಯ ಕೆಳಬಯಲಿನ ನನ್ವಾರಕ್ ಊರಿನಲ್ಲಿ ಓಕಲೀನಾ ಹುಟ್ಟಿದ್ದು ಐವತ್ತೆಂಟು ವರ್ಷದ ಹಿಂದೆ. ಅಲ್ಲಿನ ಮೂಲನಿವಾಸಿಗಳಾದ ಯುಪಿಕ್ ಜನರ ಮನೆತನ. ಗಂಡ ಗಾವ್ರಿಲ್ ನವೆಂಬರಿನಲ್ಲಿ ನದಿಯ ಮೇಲಿನ ತೆಳು ಮಂಜುಗಡ್ಡೆ ಒಡೆದು ಗಾಡಿ ಸಮೇತ ಮುಳುಗಿ ಹನ್ನೆರಡು ವರ್ಷವಾಯಿತು. ಮೊದಲೆಲ್ಲ ಆ ದಿನಗಳಿಗೆ ನದಿ ಗಟ್ಟಿಯಾಗಿರುತ್ತಿತ್ತು. ಆಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಯ ಅಡುಗೆಮನೆಯಲ್ಲಿ ದುಡಿದು ಬೆಳೆಸಿದರು. ಇಬ್ಬರೂ ಈಗ ಗಂಡನ ಮನೆಯಲ್ಲಿದ್ದಾರೆ. ಅಡುಗೆಮನೆಯಿಂದ ಈ ಜೌಗಿಗೆ ಅವರನ್ನು ಕರೆತಂದದ್ದು ಒಂದು ಜಗಳ. ನಗರದ ಪ್ರಯೋಗಾಲಯದಿಂದ ಬಂದ ಮರಿಟ್ ಎಂಬ ಸಂಶೋಧಕಿ ಹಲಗೆ ದಾರಿ ಹಾಸಿಸುತ್ತಿದ್ದಾಗ, ಹಣ್ಣು ಬಿಡಿಸಲು ಬಂದಿದ್ದ ಓಕಲೀನಾ "ಅಲ್ಲಿ ಹಾಕಿದ್ರೆ ಎರಡನೇ ವರ್ಷಕ್ಕೆ ಮುಳುಗುತ್ತೆ" ಎಂದರು. ಯಾರೂ ಕೇಳಲಿಲ್ಲ. ಎರಡು ವರ್ಷ ಬೇಕಾಗಲಿಲ್ಲ, ಮುಂದಿನ ಜೂನಿಗೇ ಮುಳುಗಿತು. ಮರಿಟ್ ಶಾಲೆಯ ಅಡುಗೆಮನೆಗೆ ಬಂದು, ಎಲ್ಲಿ ಹಾಕಬೇಕು ತೋರಿಸಿ ಎಂದು ಕೇಳಿದರು.

ಒಟ್ಟು ಹನ್ನೆರಡು ಬಳೆ. ಹಿಮ ಕರಗುವ ಜೂನಿನಿಂದ ನೆಲ ಮತ್ತೆ ಹೆಪ್ಪುಗಟ್ಟುವ ಅಕ್ಟೋಬರಿನವರೆಗೆ, ವಾರಕ್ಕೆ ಎರಡು ಸಲ ಪ್ರತಿ ಬಳೆಗೂ ಡಬ್ಬಿ. ಮೊದಲ ಏಳು ವರ್ಷ ಯಂತ್ರ ಇರಲಿಲ್ಲ. ಸಿರಿಂಜಿನಿಂದ ಗಾಳಿ ಎಳೆದು, ಬೆರಳುದ್ದದ ಸೀಸೆಗಳಲ್ಲಿ ತುಂಬಿ, ವಿಮಾನ ಬರುವವರೆಗೆ ಅವನ್ನು ಹೆಪ್ಪಾಗದಂತೆ ತಮ್ಮ ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಪ್ರಯೋಗಾಲಯದ ವರದಿಗಳ ಕೊನೆಯ ಪುಟದಲ್ಲಿ "ಸ್ಥಳೀಯ ಸಹಾಯಕರಿಗೆ ವಂದನೆ" ಎಂದಿದೆ. ಆ ಸಹಾಯಕರು ಎಂದರೆ ಇವರೊಬ್ಬರೇ.

ನೆಲದಿಂದ ಹೊರಡುವ ಅನಿಲ ಮೀಥೇನ್. ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಕೆಸರು ಕರಗಿ, ನೀರಿನಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವಾಗ ಅದು ಹುಟ್ಟುತ್ತದೆ. ಮೇಲೆ ಬಂದರೆ ಜಗತ್ತನ್ನೇ ಬಿಸಿ ಮಾಡುತ್ತದೆ. ಎಷ್ಟು ಬರುತ್ತದೆ ಎನ್ನುವುದು ಮೇಲೆ ಯಾವ ಗಿಡ ಬೆಳೆದಿದೆ ಎನ್ನುವುದರ ಮೇಲೆ ನಿಂತಿದೆ. ಓಕಲೀನಾ ಒಂದು ಹುಲ್ಲುದಂಟು ಕಿತ್ತು, ಬುಡ ಕತ್ತರಿಸಿ, ನೀರಿನಲ್ಲಿ ಅದ್ದಿ ಊದುತ್ತಾರೆ. ನಮ್ಮಲ್ಲಿ ಮಕ್ಕಳು ಪಪ್ಪಾಯಿ ಎಲೆಯ ದೇಟಿನಿಂದ ಊದುವಂತೆ ಗುಳುಗುಳು ಗುಳ್ಳೆ ಏಳುತ್ತದೆ.

"ನೋಡಿ, ಒಳಗೆ ಟೊಳ್ಳು. ಕೆಳಗಿನ ಗಾಳಿಗೆ ಇದು ಹೊಗೆಗೂಡು ಇದ್ದಹಾಗೆ. ಮೇಲಿನ ಗಾಳೀನೂ ಇದೇ ದಾರೀಲಿ ಬೇರಿಗೆ ಇಳಿಯುತ್ತೆ, ಇಳಿದು ಒಂದಿಷ್ಟು ಅನಿಲಾನ ಅಲ್ಲೇ ಮುಗಿಸುತ್ತೆ. ಆದ್ರೆ ಬರೋದೇ ಜಾಸ್ತಿ, ಮುಗಿಯೋದು ಕಡಿಮೆ. ಪಾಚಿ ಹಾಗಲ್ಲ. ಪಾಚಿಯೊಳಗೆ ಕಣ್ಣಿಗೆ ಕಾಣದ ಜೀವ ಇದಾವಂತೆ, ಬಂದದ್ದನ್ನ ತಿಂದುಬಿಡ್ತವೆ. ಹುಲ್ಲು ದುಂದುಗಾರ್ತಿ, ಪಾಚಿ ಮನೆವಾರ್ತೆ ಬಲ್ಲವಳು."

ಅವರ ಪುಸ್ತಕದಲ್ಲಿ ಬರೀ ಪಾಚಿಯಿರುವ ಬಳೆಗಳ ಅಂಕಿ ಹದಿಮೂರು ಹದಿನಾಲ್ಕನ್ನು ದಾಟುವುದಿಲ್ಲ. ಹುಲ್ಲಿನ ಬಳೆಗಳದ್ದು ಎಂಬತ್ತು, ತೊಂಬತ್ತು. ನೀರಿನಡಿಗೇ ಹುಲ್ಲು ಕತ್ತರಿಸಿಟ್ಟ ಎರಡು ಬಳೆಗಳಲ್ಲಿ ಮೂವತ್ತು. ಇವೆಲ್ಲದರ ನಡುವೆ ನಾಲ್ಕನೆಯದು ಬೇರೆ. ಒಂಬತ್ತು ವರ್ಷದ ಹಿಂದೆ ಅದು ಪಾಚಿಯ ಬಳೆ. ಕೆಳಗಿನ ಹೆಪ್ಪು ಕರಗಿ ನೆಲ ಕುಸಿಯಿತು, ನೀರು ಬಂತು, ನೀರಿನ ಹಿಂದೆ ಒಂದು ಎಸಳು ಹುಲ್ಲು ಬಂತು. ಓಕಲೀನಾ ಆ ಮೊದಲ ಎಸಳನ್ನು ಬರೆದಿಟ್ಟಿದ್ದಾರೆ, ತಾರೀಖಿನ ಸಮೇತ. ಹದಿನಾಲ್ಕು ಇದ್ದದ್ದು ಇಪ್ಪತ್ತಾಗಿ, ನಲವತ್ತಾಗಿ, ಕಳೆದ ಆಗಸ್ಟಿಗೆ ಎಂಬತ್ನಾಲ್ಕಕ್ಕೆ ಏರಿತ್ತು. ಪಾಚಿ ಹುಲ್ಲಿಗೆ ಜಾಗ ಬಿಟ್ಟುಕೊಡುವುದನ್ನು ಮೊದಲಿಂದ ಕೊನೆಯವರೆಗೆ ತೋರಿಸಿದ ಬಳೆ ಇದೊಂದೇ. ಈಗ ಊರಿನ ಸುತ್ತ ಎಲ್ಲ ಕಡೆ ಆಗುತ್ತಿರುವುದೂ ಅದೇ. ಹಣ್ಣು ಬಿಡುತ್ತಿದ್ದ ದಿಬ್ಬಗಳು ತಗ್ಗಾಗಿವೆ. ಸ್ಮಶಾನವನ್ನು ಎರಡು ಸಲ ಎತ್ತರಕ್ಕೆ ಸಾಗಿಸಿದ್ದಾರೆ. "ಗಾವ್ರಿಲ್‌ನ ಎರಡನೇ ಸಲ ಹೂತೆ," ಎನ್ನುತ್ತಾರೆ ಓಕಲೀನಾ, ಹುಲ್ಲಿನ ಮೇಲೆ ಕಣ್ಣಿಟ್ಟು.

ಕಳೆದ ಸೆಪ್ಟೆಂಬರ್ ಹದಿನೆಂಟಕ್ಕೆ ನಾಲ್ಕನೇ ಬಳೆಯ ಅಂಕಿ ಐವತ್ತೆಂಟು, ಚಳಿ ಹತ್ತಿರ ಬಂದಾಗ ಇರಬೇಕಾದಷ್ಟೇ. ಇಪ್ಪತ್ತೊಂದನೇ ತಾರೀಖಿಗೆ ಅದು ನೂರ ಎಪ್ಪತ್ತೊಂದು. ಯಂತ್ರ ಕೆಟ್ಟಿತು ಎಂದುಕೊಂಡು ಐದನೇ ಬಳೆಗೆ ಹಾಕಿದರು. ಅಲ್ಲಿ ಎಲ್ಲ ಸರಿಯಿತ್ತು. ಇಪ್ಪತ್ನಾಲ್ಕನೇ ತಾರೀಖಿಗೆ ನಾಲ್ಕನೇ ಬಳೆಯ ಅಂಕಿ ಇಪ್ಪತ್ತೆರಡಕ್ಕೆ ಬಿದ್ದುಬಿಟ್ಟಿತು.

ಆ ದಿನ ಅವರು ಹಲಗೆಯ ಮೇಲೆ ಬೋರಲು ಮಲಗಿ ಬಳೆಯೊಳಗೆ ಬೆರಳಾಡಿಸಿದರು. ಒಂದು ಕಡೆ ಪಾಚಿಯ ಎಳೆ ನೇರ ತಪ್ಪಿತ್ತು, ಬಿಚ್ಚಿ ಮತ್ತೆ ಹೊಲಿದ ಬಟ್ಟೆಯ ಹಾಗೆ. ಮೆಲ್ಲಗೆ ಎತ್ತಿದರು. ಕೆಳಗೆ ಎರಡು ಮುಷ್ಟಿಯಷ್ಟು ಗೂಡು, ಚಾಕುವಿನಿಂದ ನೀಟಾಗಿ ಸವರಿದ ಅಂಚು. ಗೂಡಿನಲ್ಲಿ ಹತ್ತಿಹುಲ್ಲಿನ ಪುಟ್ಟ ಗಡ್ಡೆಗಳು ಒಂದಿಷ್ಟು, ಅವುಗಳ ಮೇಲೆ ಒಂದು ತುಂಡು ಒಣಮೀನು.

ಆ ಬಯಲಿನಲ್ಲಿ ಇದರ ಅರ್ಥ ಯಾರಿಗಾದರೂ ಗೊತ್ತು. ಹುಲ್ಲಿಲಿಗಳು ಬೇಸಿಗೆಯೆಲ್ಲ ಹತ್ತಿಹುಲ್ಲಿನ ಗಡ್ಡೆ ಕಡಿದು ತಂದು, ಚಳಿಗೆಂದು ಪಾಚಿಯಡಿಯಲ್ಲಿ ಉಗ್ರಾಣ ಮಾಡಿಡುತ್ತವೆ. ನೆಲ ಹೆಪ್ಪುಗಟ್ಟುವ ಮೊದಲು ಹೆಂಗಸರು ಪಾದದಿಂದ ಒತ್ತಿ ನೋಡುತ್ತ ಆ ಮೆತ್ತನೆಯ ಜಾಗ ಹುಡುಕುತ್ತಾರೆ. ಎಲ್ಲ ಬಾಚಬಾರದು. ಪಾಲು ಬಿಟ್ಟು, ತೆಗೆದುಕೊಂಡದ್ದಕ್ಕೆ ಬದಲಾಗಿ ಇಲಿಗೆ ಏನಾದರೂ ತಿನ್ನಲು ಇಟ್ಟು, ಪಾಚಿಯನ್ನು ಮೊದಲಿದ್ದಂತೆ ಮುಚ್ಚಬೇಕು. ಮುಚ್ಚಿದ್ದು ಗೊತ್ತಾಗದಷ್ಟು ಚೆನ್ನಾಗಿ ಮುಚ್ಚಿದವಳು ಒಳ್ಳೆಯ ಹೆಂಗಸು.

ಓಕಲೀನಾ ಮೀನಿನ ತುಂಡನ್ನು ತಿರುಗಿಸಿ ನೋಡಿದರು. ಒಣಗಿಸುವ ಮೀನಿಗೆ ಗೀರು ಹಾಕುವುದರಲ್ಲಿ ಒಂದೊಂದು ಮನೆಗೆ ಒಂದೊಂದು ಕೈ. ಒತ್ತೊತ್ತಾಗಿ, ಬಾಲದ ಕಡೆಗೆ ವಾಲಿದ ಈ ಗೀರನ್ನು ಅವರು ಹಲ್ಲು ಬಂದಾಗಿನಿಂದ ತಿಂದಿದ್ದಾರೆ. ಅದು ಅವರ ತಾಯಿಯ ಕೈ.

ಬಹಳ ಹೊತ್ತು ಏಳದ್ದನ್ನು ಕಂಡು ಮಾಕ್ಸಿಮ್ ದೋಣಿಯಿಂದ ಇಳಿದು ಬಂದರು. ಸಂಗತಿ ತಿಳಿದ ಮೇಲೆ ಅವತ್ತು ಕೀಟಲೆ ಮಾಡಲಿಲ್ಲ. ಆ ಚಳಿಗಾಲದಲ್ಲಿ ಪ್ರಯೋಗಾಲಯದವರು ಬಳೆಗಳ ಸಂಖ್ಯೆ ಇಳಿಸುತ್ತಾರೆ, ಲೆಕ್ಕ ಕೆಟ್ಟ ಬಳೆ ಮೊದಲು ಹೋಗುತ್ತದೆ ಎಂಬ ಮಾತು ಇಬ್ಬರಿಗೂ ಗೊತ್ತಿತ್ತು.

"ಇಲಿ ಅಗೀತು ಅಂತ ಬರಿ," ಎಂದರು ಮಾಕ್ಸಿಮ್. "ಸುಳ್ಳಾದ್ರೂ ಹೇಗೆ? ಇಲಿ ಅಗೆದೇ ಇದೆಯಲ್ಲ."

ಮನೆಗೆ ಬಂದರೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎಂಬತ್ನಾಲ್ಕು ವರ್ಷದ ತಾಯಿ ನಾಸ್ತಾಸ್ಯಾ, ಕಣ್ಣು ಮುಕ್ಕಾಲು ಹೋಗಿದ್ದರೂ, ಮಡಿಲಲ್ಲಿ ಬಟ್ಟಲಿಟ್ಟುಕೊಂಡು ಗಡ್ಡೆಯ ಕೂದಲುಬೇರು ಬಿಡಿಸುತ್ತ ಕೂತಿದ್ದರು.

"ಅಮ್ಮ, ಇದನ್ನ ಎಲ್ಲಿಂದ ತಂದೆ?"

"ನೆಲದಿಂದ."

"ನೆಲದಲ್ಲಿ ಎಲ್ಲಿ?"

"ಆ ಪಕ್ಕದ್ಮನೆಯವರು ಹಣ್ಣಿನ ದಿಬ್ಬಕ್ಕೆ ಹೋಗೋರು ದೋಣೀಲಿ ಕೂರಿಸಿಕೊಂಡು ಹೋದ್ರು. ನಾನು ಹಲಗೆ ಹಿಡ್ಕೊಂಡು ಒಂದಿಷ್ಟು ನಡೆದೆ. ಕಾಲಿಗೆ ಮೆತ್ತಗೆ ಸಿಕ್ತು. ಸುತ್ತ ಏನೋ ತಗಡು ತಾಗ್ತು, ಯಾವಳೋ ಬಕೆಟ್ ಮರೆತಿದಾಳೆ ಅಂದ್ಕೊಂಡೆ. ಯಾಕೆ?"

"ಅದು ಬಕೆಟ್ ಅಲ್ಲಮ್ಮ. ನನ್ನ ನಾಲ್ಕನೇ ಬಳೆ."

ಬೇರು ಬಿಡಿಸುವ ಬೆರಳು ನಿಂತಿತು. "ಎಂಟು ವರ್ಷದ್ದಾ?"

"ಹೂಂ."

"ನಾನು ಎಲ್ಲಾ ತಗೊಂಡಿಲ್ಲ. ಒಂದು ಮಗ್ಗುಲು ಮಾತ್ರ ಬಿಚ್ಚಿದ್ದು. ಅರ್ಧ ಬಿಟ್ಟಿದೀನಿ, ಮೀನೂ ಇಟ್ಟಿದೀನಿ."

"ನೋಡಿದೆ. ಮಾಕ್ಸಿಮ್ ಹೇಳ್ತಾನೆ, ಇಲಿ ಅಗೀತು ಅಂತ ಬರೆದ್ಬಿಡು ಅಂತ."

ನಾಸ್ತಾಸ್ಯಾ ಬಟ್ಟಲನ್ನು ಪಕ್ಕಕ್ಕಿಟ್ಟರು. "ಇಡೀ ಬೇಸಿಗೆ ಬಾಯಲ್ಲಿ ಕಚ್ಚಿ ತಂದಿದ್ದು ಅದು. ತಗೊಂಡಿದ್ದು ನಾನು. ಈಗ ಅಪವಾದಾನೂ ಅದರ ತಲೆಗೇ ಕಟ್ತೀಯಾ? ನಾಸ್ತಾಸ್ಯಾ ತಗೊಂಡ್ಲು ಅಂತ ಬರಿ ಮಗಾ. ತಗೊಂಡವರ ಹೆಸರು ಮುಚ್ಚಿಟ್ರೆ ಅದು ಕದ್ದಹಾಗೆ." ಬಟ್ಟಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಕೇಳಿದರು: "ಅಲ್ಲ, ನಿಮ್ಮ ಆ ಲೆಕ್ಕದಲ್ಲಿ ಇಲಿಗೆ ಜಾಗವೇ ಇಲ್ವಾ? ಇಲಿ ಇಲ್ಲದ ಹುಲ್ಲು ಎಲ್ಲಿದೆ?"

ಅವತ್ತು ಇಬ್ಬರೂ ಆ ಸಾರನ್ನೇ ಉಂಡರು. "ಸಿಹಿಯಾಗಿತ್ತು," ಎನ್ನುತ್ತಾರೆ ಓಕಲೀನಾ. "ಬೇಡವಾಗಿದ್ರೂ ಎರಡು ಸಲ ಹಾಕಿಸಿಕೊಂಡೆ. ಅಮ್ಮನಿಗೆ ಕಣ್ಣು ಕಾಣದೇ ಇದ್ರೂ ಬಟ್ಟಲು ಖಾಲಿ ಆಯ್ತಾ ಇಲ್ವಾ ಗೊತ್ತಾಗ್ತಿತ್ತು."

ಮರುದಿನ ಅವರು ಮರಿಟ್‌ಗೆ ಫೋನ್ ಮಾಡಿದರು. ತಾಯಿಯ ಹೆಸರು, ತಾರೀಖು, ಎಷ್ಟು ಆಳ, ಏನು ತೆಗೆದದ್ದು, ಏನು ಇಟ್ಟದ್ದು, ಎಲ್ಲ ಹೇಳಿದರು. 

"ನೂರ ಎಪ್ಪತ್ತೊಂದನ್ನ ನೋಡಿ ಇಲ್ಲಿ ಎಲ್ಲರೂ ನೆಲ ಬಾಯ್ಬಿಡ್ತಾ ಇದೆ ಅಂದ್ಕೊಂಡಿದ್ರು," ಎಂದರು ಮರಿಟ್. "ನೀವು ಹೇಳದೇ ಇದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ."

"ಅದಕ್ಕೇ ಹೇಳಿದ್ದು."

ಅಗೆದಾಗ ಅಡಿಯಲ್ಲಿ ಸಿಕ್ಕಿಬಿದ್ದಿದ್ದ ಅನಿಲವೆಲ್ಲ ಒಮ್ಮೆಗೇ ಎದ್ದಿತ್ತು. ಆಮೇಲೆ ಬೇರೂ ಇಲ್ಲ, ಹೊಗೆಗೂಡೂ ಇಲ್ಲ, ಅಂಕಿ ಕುಸಿಯಿತು. ಪ್ರಯೋಗಾಲಯದಲ್ಲಿ ಕೆಲವರು ಬಳೆಯನ್ನು ಆಗಲೇ ಕೀಳಿಸಬೇಕೆಂದರು. ಮರಿಟ್ ವಾದ ಮಾಡಿ ಒಂದು ಬೇಸಿಗೆಯ ಗಡುವು ತಂದರು. ಆಗಸ್ಟ್ ಕೊನೆಯೊಳಗೆ ಹುಲ್ಲು ಮತ್ತೆ ಬಂದು ಅಂಕಿ ಎಂಬತ್ತರ ಆಸುಪಾಸಿಗೆ ತಲುಪಬೇಕು.

ನಾಸ್ತಾಸ್ಯಾ ಆ ಬೇಸಿಗೆ ಕಾಣಲಿಲ್ಲ. ಜನವರಿಯಲ್ಲಿ ಹಾಸಿಗೆ ಹಿಡಿದವರು ಎರಡು ಮೂರು ಸಲ ಕೇಳಿದರು, "ನಿನ್ನ ಬಳೆ ಉಳೀತಾ?" "ಹಿಮ ಕರಗಲಿ ಅಮ್ಮ, ಆಮೇಲೆ ಗೊತ್ತಾಗುತ್ತೆ" ಎಂದು ಮಗಳು ಅಷ್ಟೂ ಸಲ ಹೇಳಿದರು. ಫೆಬ್ರವರಿಯಲ್ಲಿ ತಾಯಿ ತೀರಿಕೊಂಡರು. ಹೂಳಲು ಹೆಪ್ಪುಗಟ್ಟಿದ ಮಣ್ಣು ಅಗೆಯುವುದಕ್ಕೆ ಎರಡು ದಿನ ನೆಲದ ಮೇಲೆ ಬೆಂಕಿ ಹಾಕಬೇಕಾಯಿತು. "ಮೊದಲು ನಾಲ್ಕು ದಿನ ಬೇಕಾಗ್ತಿತ್ತು," ಎನ್ನುತ್ತಾರೆ ಓಕಲೀನಾ. ನೆಲ ಮೆತ್ತಗಾದದ್ದನ್ನು ಅವರು ಹೀಗೂ ಅಳೆಯಬಲ್ಲರು.

ಏಪ್ರಿಲ್ಲಿನಲ್ಲಿ ಮಾಕ್ಸಿಮ್‌ಗೆ ಮೊಮ್ಮಗಳು ಹುಟ್ಟಿದಳು. ಸತ್ತವರ ಹೆಸರು ಮುಂದೆ ಹುಟ್ಟುವ ಮಗುವಿಗೆ ಹೋಗುವುದು ಇಲ್ಲಿನ ರೂಢಿ, ಹೆಸರಿನ ಜೊತೆ ನೆಂಟಸ್ತಿಕೆಯೂ ಹೋಗುತ್ತದೆ. ನಾಲ್ಕು ತಿಂಗಳ ಆ ಕೂಸನ್ನು ಓಕಲೀನಾ "ಅಮ್ಮ" ಎಂದೇ ಕರೆಯುತ್ತಾರೆ.

"ನಿಮ್ಮಮ್ಮ ಇವತ್ತು ಬೆಳಿಗ್ಗೆ ನನ್ನ ಮೇಲೆ ಉಚ್ಚೆ ಹೊಯ್ದಳು," ಎನ್ನುತ್ತಾರೆ ಮಾಕ್ಸಿಮ್ ದೋಣಿ ನಡೆಸುತ್ತ. "ಮಗಳು ನೀನು, ನನ್ನ ಪ್ಯಾಂಟು ನೀನೇ ಒಗೀಬೇಕು."

"ಅಮ್ಮನಿಗೆ ಮೊದಲಿಂದ್ಲೂ ಯಾವುದು ಎಲ್ಲಿಗೆ ಸೇರಬೇಕು ಅಂತ ಗೊತ್ತಿತ್ತು."

ಜೂನಿನಲ್ಲಿ ಹಿಮ ಸರಿದ ಮೊದಲ ವಾರ ಓಕಲೀನಾ ನಾಲ್ಕನೇ ಬಳೆಯಲ್ಲಿ ಮೊಳಕೆ ಎಣಿಸಿದರು. ಹನ್ನೊಂದು. ನಾಸ್ತಾಸ್ಯಾ ಬಿಚ್ಚದೆ ಬಿಟ್ಟ ಮಗ್ಗುಲಿನಿಂದಲೇ ಅಷ್ಟೂ ಎದ್ದಿದ್ದವು. ಇಲಿ ಆ ಗೂಡಿಗೆ ಮರಳಿರಲಿಲ್ಲ. ಒಳಗೆ ಉಳಿದಿದ್ದ ಗಡ್ಡೆಗಳಲ್ಲೂ ಮೂರು ಚಿಗುರಿದವು. ಮೊದಲ ಅಳತೆ ಇಪ್ಪತ್ತಾರು. ಜುಲೈ ನಡುವಿಗೆ ನಲವತ್ತೊಂಬತ್ತು. ಮಳೆ ಹಿಡಿದ ವಾರ ಅಂಕಿ ಕೆಳಗಿಳಿಯಿತು. ಆಮೇಲೆ ಅರವತ್ತಮೂರು, ಎಪ್ಪತ್ತು. ಇವತ್ತು ಎಪ್ಪತ್ತೆಂಟು.

ಇದೊಂದು ವಿಚಿತ್ರ ಕಾಯುವಿಕೆ, ಅದು ಅವರಿಗೂ ಗೊತ್ತು. ಆ ಅಂಕಿ ಏರುವುದು ಊರಿಗೆ ಒಳ್ಳೆಯದಲ್ಲ. "ಏರಲಿ ಅಂತ ನಾನು ಬೇಡಿಕೊಳ್ಳಲ್ಲ," ಎನ್ನುತ್ತಾರೆ, ಡಬ್ಬಿಯ ಒಳಗಿನ ನೀರಹನಿ ಒರೆಸುತ್ತ. "ಪಾಚಿ ಇದ್ದಾಗ್ಲೇ ಚೆನ್ನಾಗಿತ್ತು, ನಮ್ಮ ಹಣ್ಣೂ ಅಲ್ಲೇ ಇತ್ತು. ಆದ್ರೆ ಆಗ್ತಾ ಇರೋದನ್ನ ಯಾರಾದ್ರೂ ಸರಿಯಾಗಿ ಬರ್ದಿಡಬೇಕಲ್ಲ. ಮಗುವಿಗೆ ಜ್ವರ ಬಂದಾಗ ಎಷ್ಟಿದೆ ಅಂತ ನೋಡಲ್ವಾ, ಹಾಗೆ."

ಮೂರನೇ ದಿನ ಮರಿಟ್‌ರ ಫೋನ್ ಬರುತ್ತದೆ. ಓಕಲೀನಾ ಒಣಗಿದ ಮೀನನ್ನು ಕೋಲಿನಿಂದ ಇಳಿಸುತ್ತಿದ್ದವರು, ಕೈ ಒರೆಸಿಕೊಂಡು, ಗೋಡೆಗೆ ಮುಖ ಮಾಡಿ ನಿಂತು ಕೇಳುತ್ತಾರೆ. ಬಳೆ ಉಳಿಯುತ್ತದೆ. ಕಳೆದ ಸೆಪ್ಟೆಂಬರಿನ ಜಾಗ ಲೆಕ್ಕದಲ್ಲಿ ಖಾಲಿ ಇರುತ್ತದೆ, ಉಳಿದ ವರ್ಷಗಳು ನಿಲ್ಲುತ್ತವೆ. ಇನ್ನೊಂದು ಮಾತೂ ಇದೆ: ಮುಂದಿನ ಬೇಸಿಗೆಗೆ ನಾಲ್ಕು ಹೊಸ ಬಳೆ ಬರುತ್ತವೆ. ಎರಡಕ್ಕೆ ಇಲಿ ಬಾರದಂತೆ ಜಾಲರಿ, ಎರಡಕ್ಕೆ ಇಲ್ಲ. ಹುಲ್ಲಿನ ಲೆಕ್ಕದಲ್ಲಿ ಇಲಿಗೂ ಜಾಗ ಸಿಕ್ಕಿದೆ.

ಓಕಲೀನಾ "ಹೂಂ" ಎನ್ನುತ್ತಾರೆ, ಮತ್ತೆ "ಹೂಂ" ಎನ್ನುತ್ತಾರೆ. ಆಮೇಲೆ, ಆ ಖಾಲಿ ಜಾಗದ ಪಕ್ಕ ಏನು ಬರೆಯುತ್ತೀರಿ ಎಂದು ಕೇಳುತ್ತಾರೆ. ಅದಕ್ಕೊಂದು ಗೊತ್ತಾದ ಮಾತಿದೆ, "ಮನುಷ್ಯರಿಂದ ಹಾನಿ" ಎಂದು ಹಾಕುತ್ತೇವೆ ಎನ್ನುತ್ತಾರೆ ಮರಿಟ್.

ಇಷ್ಟು ವರ್ಷದಲ್ಲಿ ಓಕಲೀನಾ ಆ ಪ್ರಯೋಗಾಲಯದಿಂದ ತಮಗೆಂದು ಏನನ್ನೂ ಕೇಳಿದವರಲ್ಲ. ಈಗ ಕೇಳುತ್ತಾರೆ, ದನಿ ಎತ್ತದೆ.

"ಹಾನಿ ಅಂತ ಬರೀಬೇಡಿ. ಒಂದು ಸಾಲು ಜಾಗ ಇದ್ರೆ ಸಾಕು. ನಾಸ್ತಾಸ್ಯಾ ಅರ್ಧ ತಗೊಂಡ್ಲು, ಅರ್ಧ ಬಿಟ್ಟಳು ಅಂತ ಬರೀರಿ."